ಹೆಸರು ಹೇಳದ ಭಾನುವಾರ

ಜೀವಮಾನವಿಡೀ ಹುಲ್ಲನ್ನೇ ಓದಿದ ಒಬ್ಬ ಗುರು ಇದ್ದರು. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್. ಹೆಸರು ವಿರೂಪಾಕ್ಷಪ್ಪ ಬೆಳವಡಿ.

ಜೊತೆಯವರೆಲ್ಲ ದೊಡ್ಡ ದೊಡ್ಡ ಮರಗಳ ಹಿಂದೆ ಬಿದ್ದರೆ ಇವರು ದನ ಮೇಯುವ ಹುಲ್ಲಿನ ಹಿಂದೆ ಬಿದ್ದರು. ಜನ ಹುಲ್ಲಿನ ಮಾಸ್ತರು ಎಂದು ಕರೆದರು. ನಗುತ್ತ ಕರೆದರು ಅನ್ನಿ. ಆದರೆ ಅವರಿಗೆ ಪ್ರೊಫೆಸರ್ ಅನ್ನಿಸಿಕೊಳ್ಳುವುದಕ್ಕಿಂತ ಅದೇ ಹೆಚ್ಚು ಇಷ್ಟವಾಗಿತ್ತು.

ನಿವೃತ್ತಿಯ ದಿನ ಸಭಾಂಗಣದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬಂದು ಕೂತಿದ್ದವು. ಸನ್ಮಾನ ಮಾಡಿಸಿಕೊಳ್ಳಬೇಕಾದವರೇ ನಾಪತ್ತೆ. ಹುಡುಕಿಕೊಂಡು ಹೋದ ಶಿಷ್ಯೆ ಮಹಾನಂದಾಗೆ ಅವರು ಸಿಕ್ಕಿದ್ದು ಕಟ್ಟಡದ ಹಿಂದೆ, ನೀರಿನ ಟಾಕಿಯ ಪಕ್ಕ, ಮಂಡಿಯೂರಿ ಕುಳಿತ ಸ್ಥಿತಿಯಲ್ಲಿ.

"ಸರ್, ಕುಲಪತಿಗಳು ಬಂದಾರ್ರಿ."

"ಈ ಹುಲ್ಲೂ ಬಂದೈತಿ. ಅವರು ನಾಳೆನೂ ಇರ್ತಾರ. ಇದನ್ನ ಮಾಲಿ ನಾಳೆ ಕಿತ್ತ ಒಗೀತಾನ."

ಹೂ ಬಿಟ್ಟಿದ್ದ ಆ ಹುಲ್ಲನ್ನು ಪೂರ್ತಿ ನೋಡಿ ಮುಗಿಸಿಯೇ ಅವರು ಎದ್ದದ್ದು. ಹಾರ ಹಾಕಿಸಿಕೊಳ್ಳುವಾಗಲೂ ಪಂಚೆಯ ಮಂಡಿಯ ಹತ್ತಿರ ಮಣ್ಣಿತ್ತು.

ಆಮೇಲೆ ಅವರು ಮಲಪ್ರಭೆಯ ದಂಡೆಗೆ ಬಂದುಬಿಟ್ಟರು. ಅಲ್ಲೊಂದು ಹಳೆಯ ಮಠ, ಮಠದ ಹಿಂದೆ ಎರಡು ಕೋಣೆ. ಹೆಂಡತಿ ಎಂದೋ ತೀರಿಕೊಂಡಿದ್ದರು. ಅಡುಗೆಗೆ, ಜಗಳಕ್ಕೆ, ಮಾತಿಗೆ ತಂಗಿ ಶಿವಕ್ಕ ಇದ್ದಳು.

ಮೊದಮೊದಲು ಶಿಷ್ಯರು ಹಿಂಡುಹಿಂಡಾಗಿ ಬರುತ್ತಿದ್ದರು. ಗುರುಗಳಿಗೆ ಮರೆವು ಹತ್ತಿದ ಮೇಲೆ ಒಬ್ಬೊಬ್ಬರೇ ಕಡಿಮೆಯಾದರು. ಅವರನ್ನು ಬೈಯುವಂತಿಲ್ಲ. ತನ್ನನ್ನು ತಿದ್ದಿ ತೀಡಿದವರು ತನ್ನ ಮುಖ ನೋಡಿ ಯಾರು ಎಂದು ಕೇಳಿದರೆ ಅದನ್ನು ತಾಳಿಕೊಳ್ಳುವುದು ಸುಲಭವಲ್ಲ.

ಮಹಾನಂದಾ ಮಾತ್ರ ಪ್ರತಿ ಭಾನುವಾರ ಧಾರವಾಡದಿಂದ ಬಸ್ಸು ಹತ್ತುತ್ತಿದ್ದಳು. ಅವಳೀಗ ಅದೇ ವಿಭಾಗದಲ್ಲಿ ಪ್ರೊಫೆಸರ್. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿತ್ತು. ಆದರೂ ಆ ದಂಡೆಗೆ ಬಂದಾಗ ಅವಳು ಬರೀ ಶಿಷ್ಯೆ.

ಒಂದು ಭಾನುವಾರ ಅವಳ ಸರದಿಯೂ ಬಂತು.

"ಯಾರವಾ ನೀ?" ಎಂದರು ಗುರುಗಳು.

"ನಾನ್ರಿ ಸರ್. ಮಹಾನಂದಾ."

"ಚೊಲೋ ಹೆಸರು. ಬಸ್ಸು ಜಲ್ದಿ ಸಿಕ್ತೇನು? ಕುಂದ್ರು, ಚಾ ಕುಡದು ಹೋಗು."

ದಾರಿ ಕೇಳಲು ಬಂದವರಿಗೂ ಅವರು ಅದನ್ನೇ ಹೇಳುತ್ತಿದ್ದರು. ಮಹಾನಂದಾ ಚಹಾ ಕುಡಿದಳು, ಲೋಟ ತೊಳೆದಿಟ್ಟಳು, ಹೊಳೆಯ ಮೆಟ್ಟಿಲಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಅಂದಿನಿಂದ ಅವಳಿಗೆ ಬೇಕಾದದ್ದು ಒಂದೇ. ಅವರು ಕಣ್ಣು ಮುಚ್ಚುವುದರೊಳಗೆ ಒಂದು ಸಲ ತನ್ನನ್ನು ಗುರುತಿಸಬೇಕು. ಅವರಿಲ್ಲದಿದ್ದರೆ ತಾನು ಏನೂ ಆಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತಾನು ಏನಾದೆ ಎಂಬುದು ಅವರಿಗೂ ಗೊತ್ತಿರಬೇಕು ಎಂಬುದು ಅವಳ ಹಟ. ಪ್ರೊಫೆಸರ್ ಆದ ಮಾತ್ರಕ್ಕೆ ಮಕ್ಕಳ ಹಟ ಹೋಗುವುದಿಲ್ಲ.

ಮುಂದಿನ ವಾರ ಬಂದು ಕೇಳಿದಳು:

"ಸರ್, ಒಂದು ಕಥಿ ಹೇಳ್ಲ್ಯಾ?"

"ಹೇಳವಾ. ನನಗೂ ಹೊತ್ತು ಹೋಗವಲ್ದು."

"ಒಬ್ಬರು ಮಾಸ್ತರ ಇದ್ರು. ಅವರ ಕಡೆ ಒಬ್ಬ ಹುಡುಗಿ ಸಂಶೋಧನಾ ಮಾಡಾಕ ಬಂದ್ಲು. ಮಾಸ್ತರು ಆಕಿ ಕೈಯಾಗ ಒಂದು ಕಟ್ಟಿಗಿ ಚೌಕಟ್ಟು ಕೊಟ್ರು."

"ಯಾಕ?"

"ಇಡೀ ಹುಲ್ಲುಗಾವಲ ಎಣಸಾಕ ಆಗೂದಿಲ್ಲಲ್ರಿ. ಚೌಕಟ್ಟು ಒಗೀಬೇಕು. ಅದು ಎಲ್ಲಿ ಬೀಳ್ತೈತೋ ಅದರೊಳಗಿನ ಹುಲ್ಲು ಎಣಸಬೇಕು. ಒಗಿಯುವಾಗ ಬೆನ್ನು ತಿರಿವಿ ನಿಂದ್ರಬೇಕು."

"ಅದೂ ಖರೇನ. ಇಲ್ಲಂದ್ರ ಮನಷ್ಯಾ ಚೊಲೋ ಜಾಗಾನ ನೋಡಿ ಒಗೀತಾನ."

"ಆಕಿನೂ ಅದನ್ನ ಮಾಡಿದ್ಲು. ಓರೆಗಣ್ಣಿಲೆ ನೋಡಿ, ಹುಲ್ಲು ದಟ್ಟ ಇದ್ದ ಕಡೆ ಒಗದ್ಲು. ಮಾಸ್ತರು ದೂರ ನಿಂತು ನೋಡ್ಯಾರ."

"ಬೈದ್ನ?"

"ಇಲ್ರಿ. ತಾವ ಚೌಕಟ್ಟು ತಗೊಂಡು ಹೆಗಲ ಮ್ಯಾಲಿಂದ ಹಿಂದಕ್ಕ ಒಗದ್ರು. ಎಮ್ಮಿ ತುಳದು ಕೆಸರಾದ ಜಾಗಾದಾಗ ಬಿತ್ತು. ಒಂದ ಎಳಿ ಹುಲ್ಲಿಲ್ಲ. ಎಣಸು ಅಂದ್ರು. ಇಲ್ಲಿ ಏನೂ ಇಲ್ಲಲ್ರಿ ಅಂದ್ಲು. ಏನೂ ಇಲ್ಲ ಅಂತ ಬರಿ, ಬರದು ಸಂಜೀತನಕ ಅಲ್ಲೇ ಕುಂದ್ರು ಅಂದ್ರು."

"ಕುಂತ್ಲ?"

"ಕುಂತ್ಲುರಿ."

"ಬಿಸಲಾಗ?"

"ಬಿಸಲಾಗ."

ಗುರುಗಳು ತಲೆಯಾಡಿಸಿದರು. "ಆ ಮಾಸ್ತರ ಭಾಳ ಕಠಿಣ ಮನಷ್ಯಾ ಬಿಡು. ಒಂದು ಛತ್ರಿಯಾದ್ರೂ ಕೊಡಬೇಕಿತ್ತು."

ಮಹಾನಂದಾಗೆ ನಗು ಬಂತು. ನಗುನಗುತ್ತಲೇ ಕಣ್ಣು ತುಂಬಿತು. "ಅವರೂ ಸಂಜೀತನಕ ಆಕಿ ಬಾಜೂಕ ಬಿಸಲಾಗ ಕುಂತಿದ್ರು ಸರ್."

"ಹಂಗಾದ್ರ ಅಡ್ಡಿಯಿಲ್ಲ" ಎಂದರು.

"ಆ ಮಾಸ್ತರು ಯಾರು ಅಂತ ಗೊತ್ತಾತೇನ್ರಿ?"

ಅವರು ನದಿಯ ಕಡೆ ನೋಡುತ್ತ ಯೋಚಿಸಿದರು. "ನಿಮ್ಮೂರ ಕಡೇವ್ರೇನು?"

ಹೀಗೇ ಭಾನುವಾರಗಳು ಸಾಗಿದವು. ಅವರ ಬದುಕನ್ನೇ ಅವರಿಗೆ ಕಥೆ ಮಾಡಿ ಹೇಳುವುದು ಶಿಷ್ಯೆಯ ಕೆಲಸವಾಯಿತು. ಅವರು ತನ್ಮಯರಾಗಿ ಕೇಳುತ್ತಿದ್ದರು. ಪರರ ಕಥೆ ಕೇಳುವವರಿಗೆ ಇರುವ ಧಾರಾಳತನ ಅವರಲ್ಲಿತ್ತು. ಆ ಮಾಸ್ತರನ ತಪ್ಪನ್ನು ಎತ್ತಿ ಆಡುತ್ತಿದ್ದರು, ಮೆಚ್ಚಬೇಕಾದ ಕಡೆ ಮೆಚ್ಚುತ್ತಿದ್ದರು.

"ಒಂದಿನ ಆಕಿ ಕೇಳಿದ್ಲು ಸರ್. ಜಗತ್ತಿನ್ಯಾಗ ಇಷ್ಟು ಗಿಡಾ ಮರಾ ಇರುವಾಗ ನಿಮಗ ಹುಲ್ಲ ಯಾಕ್ರಿ ಅಂತ."

"ಏನಂದ?"

"ಬಗ್ಗಿ ನೋಡು, ಬೆನ್ನು ನೋವಾದಾಗ ಹೇಳ್ತೀನಿ ಅಂದ್ರು."

"ಬೆನ್ನು ನೋವಾತೇನು?"

"ಈಗ ಆಗೇತ್ರಿ."

"ಹೇಳಿದ್ನೇನು ಮತ್ತ?"

"ಕೇಳೂದ ಮರತುಬಿಟ್ಟೆ ಸರ್."

ಮಾತಿನ ಭರದಲ್ಲಿ ಅವಳು ಹುಡುಗಿಯನ್ನು ಬಿಟ್ಟು ತನ್ನ ಬಗ್ಗೆಯೇ ಹೇಳಿಕೊಂಡಿದ್ದಳು. ಅವರು ಅದನ್ನು ಗಮನಿಸಲಿಲ್ಲ.

"ಕೇಳಬೇಕಿತ್ತು" ಎಂದರು. "ಈಗ ಅಂವ ಎಲ್ಲಿದಾನೋ ಏನೋ."

ಮಹಾನಂದಾ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಇನ್ನೊಂದು ವಾರ ತನ್ನ ಮೌಖಿಕ ಪರೀಕ್ಷೆಯ ಕಥೆ ತೆಗೆದಳು. ಪರೀಕ್ಷಕರು ಹೂವಿಲ್ಲದ ಒಂದು ಒಣಹುಲ್ಲು ತೋರಿಸಿ ಇದೇನು ಎಂದು ಕೇಳಿದ್ದರು. ಹುಡುಗಿ ಗೊತ್ತಿಲ್ಲ ಅಂದಳು. ಪರೀಕ್ಷಕರ ಮುಖ ಹುಳ್ಳಗಾಯಿತು. ಹೊರಗೆ ಬಂದ ಮೇಲೆ ಮಾಸ್ತರು ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಗಿರಮಿಟ್ಟು, ಮಿರ್ಚಿ ಕೊಡಿಸಿದರು.

"ಯಾಕ ಕೊಡಿಸಿದ? ಆಕಿ ಹೇಳಲೇ ಇಲ್ಲಲ್ಲ?"

"ಇವತ್ತ ನೀ ಪಾಸಾದಿ ಅಂದ್ರು ಸರ್. ಗೊತ್ತಿಲ್ಲ ಅನ್ನುವಾಗ ನಿನ್ನ ದನಿ ನಡಗಲಿಲ್ಲ ಅಂದ್ರು."

ಗುರುಗಳು ಇದನ್ನು ಬಹಳ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು ಕೂತರು. ಅವಳು ಕಾದಳು. ಈಗ ಹೇಳುತ್ತಾರೆ, ಈಗ ನೆನಪಾಯಿತು ಎನ್ನುತ್ತಾರೆ.

"ಗಿರಮಿಟ್ಟ ಕೊಡಿಸಿದ ಅಂದ್ರ ಚೊಲೋ ಮನಷ್ಯಾನ ಇದ್ದ" ಎಂದರು ಕೊನೆಗೆ.

ಕಥೆಯಿಂದ ಆಗದ್ದು ಹುಲ್ಲಿನಿಂದ ಆದೀತು ಎಂದು ಅವಳಿಗೆ ಆಸೆ ಹುಟ್ಟಿತು. ಮರುವಾರ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಗೆಬಗೆಯ ಹುಲ್ಲು ತಂದಳು. ಒಂದೊಂದಾಗಿ ಅವರ ಕೈಗೆ ಕೊಟ್ಟಳು.

"ಇದೇನ್ರಿ ಸರ್?"

"ಕರಕಿ. ಗಣಪ್ಪಗ ಏರಸ್ತಾರಲ್ಲ."

"ಇದು?"

ಬೇರನ್ನು ಮೂಗಿಗೆ ಹಿಡಿದು ಅವರು ಕಣ್ಣು ಮುಚ್ಚಿದರು. "ಲಾವಂಚ. ನಮ್ಮವ್ವ ಕುಡಿಯೂ ನೀರಿನ ಕೊಡದಾಗ ಹಾಕ್ತಿದ್ಲು."

ಮಹಾನಂದಾಳ ಎದೆ ಹಿಗ್ಗಿತು. ಆಮೇಲೆ ಮೂರನೆಯದನ್ನು ಕೊಟ್ಟಳು. ಅದು ಗೇಣುದ್ದದ ಬಡ ಹುಲ್ಲು. ಒಂದು ಗುಡ್ಡದ ಮೇಲೆ ಮೊದಲು ಅದನ್ನು ಕಂಡವರು ಅವರೇ. ಅದಕ್ಕೆ ಹೆಸರಿಟ್ಟವರೂ ಅವರೇ. ಆ ದಿನ ಅವಳು ಜೊತೆಗಿದ್ದಳು. ಇಡೀ ದಿನ ಮಳೆಯಲ್ಲಿ ನೆನೆದು, ಅದನ್ನು ಅಂಗೈ ಮೇಲಿಟ್ಟುಕೊಂಡು ಇಬ್ಬರೂ ಮಕ್ಕಳ ಹಾಗೆ ನಕ್ಕಿದ್ದರು.

ಗುರುಗಳು ಹುಲ್ಲನ್ನು ತಿರುಗಿಸಿ ನೋಡಿದರು. ಎಲೆ ದಂಟಿಗೆ ಕೂಡುವ ಜಾಗವನ್ನು ಉಗುರಿನಿಂದ ಬಿಡಿಸಿದರು. ಒಂದು ಎಳೆ ಬಾಯಿಗೆ ಹಾಕಿ ಅಗಿದರು.

"ಇದು..." ಎಂದು ನಿಲ್ಲಿಸಿದರು. "ಇದು ನನಗ ಗೊತ್ತಿರಬೇಕಲ್ಲವಾ?"

"ನೆನಪ ಮಾಡ್ಕೋರಿ ಸರ್. ಗುಡ್ಡಾ ಹತ್ತಿದ್ವಿ. ಮಳಿ ಬರಾಕತ್ತಿತ್ತು."

"ಮಳಿ."

"ಇನ್ನೊಂಚೂರು ನೆನಪ ಮಾಡ್ಕೋರಿ. ನೀವ ಇದಕ್ಕ ಹೆಸರ ಇಟ್ಟಿದ್ರಿ."

ಅವರು ಹುಲ್ಲನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಉತ್ತರ ಬಾರದೆ ಎದ್ದು ನಿಂತ ಶಾಲೆಯ ಹುಡುಗನ ಮುಖ ಅದು. ಅವರು ಹುಲ್ಲನ್ನು ಮೆಲ್ಲಗೆ ತೊಡೆಯ ಮೇಲಿಟ್ಟು ಎರಡೂ ಕೈ ಜೋಡಿಸಿದರು.

"ತಪ್ಪಾತವಾ. ಗೊತ್ತಿಲ್ಲ."

ಅವರ ದನಿ ನಡುಗುತ್ತಿತ್ತು.

ಮಹಾನಂದಾಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಹುಲ್ಲನ್ನೆಲ್ಲ ಬಾಚಿ ಬಟ್ಟೆಯೊಳಗೆ ತುರುಕಿದಳು.

ಹೊರಡುವಾಗ ಶಿವಕ್ಕ ಅವಳನ್ನು ಬಾಗಿಲ ಹೊರಗೆ ಕರೆದು ನಿಲ್ಲಿಸಿಕೊಂಡಳು.

"ಮಹಾನಂದಾ, ಒಂದು ಮಾತು ಹೇಳ್ತೀನಿ. ನೀ ಬ್ಯಾರೆ ತಿಳ್ಕೋಬ್ಯಾಡ."

"ಹೇಳ್ರಿ ಶಿವಕ್ಕಾರ."

"ನೀ ಬಂದು ಹ್ವಾದ ಮ್ಯಾಲ ಅಣ್ಣ ಸರಿಯಾಗಿ ಊಟಾ ಮಾಡೂದಿಲ್ಲ. ಆ ಹೆಣ್ಣುಮಗಳು ಮತ್ತ ಬರ್ತಾಳೇನು, ನಾ ಏನ್ ಓದ್ಕೊಂಡಿರಬೇಕು ಅಂತ ನನ್ನ ಕೇಳ್ತಾನ. ಕಪಾಟಿನ್ಯಾಗಿನ ಪುಸ್ತಕ ಎಲ್ಲಾ ಹೊರಗ ತಗದು ಇಟ್ಕೊಂಡು ಕುಂದರ್ತಾನ. ಓದಿದ್ದು ತಲಿಯಾಗ ನಿಂದ್ರೂದಿಲ್ಲ. ಹೆದರ್ಯಾನವಾ ಅಂವ."

ಮಹಾನಂದಾ ತಲೆ ತಗ್ಗಿಸಿದಳು. "ನಾ ಬರೂದ ಬಿಡ್ಲ್ಯಾ?"

"ಬಿಡು ಅನ್ನಾಕತ್ತಿಲ್ಲ. ಅವನ ಕಡೆ ಏನೂ ಬೇಡದ ಬಾ ಅನ್ನಾಕತ್ತೀನಿ."

ಅದರ ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಏನೂ ಬೇಡದೆ ಹೋಗುವುದಾದರೆ ಹೋಗುವುದಾದರೂ ಯಾಕೆ ಎಂದು ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂತಳು. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೆ ಒಗೆದಳು. ಅವರು ತನಗೆ ಕೈ ಮುಗಿದದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ.

ಅದರಾಚೆಯ ಭಾನುವಾರ ತಡೆಯಲಾಗದೆ ಬಸ್ಸು ಹತ್ತಿದಳು. ಕಥೆಯಿಲ್ಲ, ಹುಲ್ಲಿನ ಗಂಟಿಲ್ಲ. ಬರಿಗೈ.

ಗುರುಗಳು ಹೊಳೆಯ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಮೊದಲಿಗಿಂತ ಸೊರಗಿದ್ದರು. ಹೆಜ್ಜೆಯ ಸಪ್ಪಳಕ್ಕೆ ತಿರುಗಿ ನೋಡಿದರು.

"ಯಾರವಾ ನೀ?"

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಅದೇನು ಸುಲಭದ ಕೆಲಸವಾಗಿರಲಿಲ್ಲ.

"ಕಲಿಯಾಕ ಬಂದೀನ್ರಿ ಸರ್."

ಅವರ ಬೆನ್ನು ನೆಟ್ಟಗಾಯಿತು. "ಏನ್ ಕಲೀತಿ?"

"ಹುಲ್ಲು."

"ಈಗಿನ ಕಾಲದಾಗ ಹುಲ್ಲು ಕಲಿಯಾಕ ಯಾರ್ ಬರ್ತಾರ" ಎಂದು ಗೊಣಗಿದರು. ಗೊಣಗುತ್ತಲೇ ಎದ್ದು, ಪಂಚೆ ಎತ್ತಿ ಕಟ್ಟಿ, ನೀರಿನ ಅಂಚಿಗೆ ನಡೆದರು. ಅವಳು ಹಿಂದೆ ಹೋದಳು. ಅವರು ಕುಕ್ಕರಗಾಲಿನಲ್ಲಿ ಕುಳಿತರು. ಅವಳೂ ಕುಳಿತಳು.

"ಇದೇನು, ಹೇಳು."

ಅವರು ಉತ್ತರಕ್ಕೆ ಕಾಯಲಿಲ್ಲ. ಒಂದು ದಂಟು ಕಿತ್ತು ಅವಳ ಕೈಗಿಟ್ಟರು.

"ಎಲ್ಲಾರೂ ಇದನ್ನ ಹುಲ್ಲು ಅಂತಾರ. ಬೆರಳಾಗ ಹಿಡದು ಹೊರಳಸಿ ನೋಡು."

ಅವಳು ಹೊರಳಿಸಿದಳು. "ಬೆರಳಿಗೆ ಅಂಚು ಹತ್ತತಾವ್ರಿ."

"ಎಷ್ಟು?"

"ಮೂರು."

"ಹುಲ್ಲಿನ ದಂಟು ದುಂಡಗ ಇರ್ತೈತಿ. ಇದು ಹುಲ್ಲಲ್ಲ, ಜೇಕು. ನೋಡಾಕ ಒಂದ ಥರಾ. ಬೆರಳಿಗೆ ತಿಳೀತೈತಿ."

ಈ ಪಾಠವನ್ನು ಮಹಾನಂದಾ ತರಗತಿಯಲ್ಲಿ ವರ್ಷವರ್ಷವೂ ಮಾಡುತ್ತಿದ್ದಳು. ಆದರೂ ಅವರ ಬಾಯಿಂದ ಕೇಳುವಾಗ ಮನಸ್ಸು ಹಗುರಾಯಿತು. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅವರು ಒಂದಾದ ಮೇಲೊಂದು ಕಿತ್ತು ತೋರಿಸುತ್ತ ಹೋದರು. ಕೆಲವಕ್ಕೆ ಹೆಸರು ಹೇಳಿದರು, ಕೆಲವನ್ನು ಹೆಸರಿಲ್ಲದೆಯೇ ಮೆಚ್ಚಿದರು. ಅವಳು ತಾನು ಏನು ಬಯಸಿ ಬರುತ್ತಿದ್ದೆ ಎಂಬುದನ್ನೇ ಮರೆತು ಕೇಳತೊಡಗಿದಳು.

"ಹೂವು ಉದುರಿ ಒಣಗಿದ ಮ್ಯಾಲ ಹೆಂಗ ಗುರುತ ಹಿಡೀಬೇಕ್ರಿ ಸರ್?"

"ಒಣಗಿದ್ದಕ್ಕ ಅವಸರ ಮಾಡಬಾರದು. ಉಗುರು ಬೆಚ್ಚಗಿನ ನೀರಾಗ ನೆನಿ ಹಾಕು. ತಾನ ಬಿಚ್ಚಿಕೊಂತೈತಿ."

"ಎಷ್ಟೊತ್ತು ನೆನಿ ಹಾಕಬೇಕ್ರಿ?"

ಗುರುಗಳು ಅವಳನ್ನು ನೋಡಿ ನಕ್ಕರು. ಆಮೇಲೆ ನಗು ಮಾಸಿತು. ಹೊಳೆಯ ಕಡೆ ತಿರುಗಿದರು.

"ನನ್ನ ಕಡೆ ಒಬ್ಬಾಕಿ ಇದ್ಲು. ಹಿಂಗ, ಒಂದು ಹೇಳಿದ್ರ ಮತ್ತೊಂದು ಕೇಳಾಕಿ. ಮಹಾನಂದಾ ಅಂತ."

ಅವಳ ಬೆರಳಲ್ಲಿದ್ದ ಜೇಕು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳುತ್ತ ಅವಳು ಕೇಳಿದಳು.

"ಈಗ ಎಲ್ಲಿದಾರ್ರಿ ಅವರು?"

"ಗೊತ್ತಿಲ್ಲವಾ. ಬರೂದ ಬಿಟ್ಟಾಳ. ತಪ್ಪು ನಂದ."

"ಏನ್ ತಪ್ಪ್ರಿ ಸರ್?"

"ಆಕಿ ಅಪ್ಪ ತೀರಿಕೊಂಡಿದ್ದ. ದಿನಕರ್ಮ ಮುಗಿಸಿಕೊಂಡು ಬಂದ್ಲು. ಎಲ್ಲಾರೂ ಆಕಿಗೆ ಸಮಾಧಾನ ಹೇಳಿದ್ರು. ನನಗ ಏನ್ ಹೇಳಬೇಕು ತಿಳೀಲಿಲ್ಲ. ಒಣಗಿಸಿದ ಹುಲ್ಲು ಮುಂದಿಟ್ಟು, ಇವನ್ನ ಹಾಳಿಗೆ ಅಂಟಸು ಅಂದೆ. ಅಳಕೋಂತ ಅಂಟಿಸಿದ್ಲು. ಹಾಳಿ ಮ್ಯಾಲ ಕಣ್ಣೀರು ಬೀಳ್ತಿತ್ತು. ನಾ ನೋಡೇ ಇಲ್ಲ ಅನ್ನುವಂಗ ಕುಂತೆ. ನನಗೂ ಅಳು ಬಂದಿತ್ತು."

ಆ ದಿನದ ಮಾತನ್ನು ಮಹಾನಂದಾ ಯಾರೊಂದಿಗೂ ಆಡಿರಲಿಲ್ಲ. ಹೇಳಿದ ಅಷ್ಟು ಕಥೆಗಳಲ್ಲೂ ಇದನ್ನು ಮಾತ್ರ ಬಿಟ್ಟಿದ್ದಳು. ಇವರದು ಕಲ್ಲುಮನಸ್ಸು ಎಂದು ಆ ದಿನ ಅಂದುಕೊಂಡಿದ್ದಳು. ಆ ನೋವಿನ ಒಂದು ಚೂರು ಇಷ್ಟು ವರ್ಷವೂ ಒಳಗೆ ಉಳಿದಿತ್ತು.

ನಾನೇ ಸರ್, ಇಲ್ಲೇ ಇದ್ದೀನಿ ಎಂದು ಹೇಳಲು ಅವಳ ಇಡೀ ಮೈ ಹಾತೊರೆಯಿತು. ಹೇಳಿದರೆ ಅವರು ಮತ್ತೆ ಮುಖ ನೋಡುತ್ತಾರೆ, ಹುಡುಕುತ್ತಾರೆ, ಸಿಗುವುದಿಲ್ಲ. ಮತ್ತೆ ಕೈ ಮುಗಿಯುತ್ತಾರೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವರಿಗೆ ಸಿಟ್ಟಿಲ್ಲ ಬಿಡ್ರಿ ಸರ್."

"ನಿನಗ ಹೆಂಗ ಗೊತ್ತು?"

"ನನಗ ಪರಿಚಯ ಐತ್ರಿ."

ಗುರುಗಳ ಮುಖ ಅರಳಿತು. ಮಣ್ಣಾದ ಕೈಯಲ್ಲೇ ಅವಳ ಕೈ ಹಿಡಿದುಕೊಂಡರು. "ಹೌದೇನು? ಹಂಗಾದ್ರ ಒಂದ ಸಲ ಕರಕೊಂಡು ಬಾರವಾ. ಜಲ್ದಿ ಕರಕೊಂಡು ಬಾ."

"ಅವರಿಗೂ ವಯಸ್ಸಾಗೇತ್ರಿ. ತಲಿ ಹಣ್ಣಾಗೇತಿ." ಅವಳು ಮಣ್ಣಾದ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕರಕೊಂಡು ಬಂದಾಗ ಇವರ ಮಹಾನಂದಾ ಅಂತ ನಾ ಮೊದಲ ಹೇಳ್ಲ್ಯಾ ಸರ್?"

ಗುರುಗಳು ಅವಳ ಮುಖವನ್ನೇ ನೋಡುತ್ತ, ಏನೂ ತಿಳಿಯದ ಹೊಸ ಹುಡುಗಿಗೆ ಹೇಳುವಂತೆ ಮೆಲ್ಲಗೆ ಹೇಳಿದರು:

"ಹೇಳೂದ ಬ್ಯಾಡ. ನಾ ಎಲ್ಲಾರನ್ನೂ ಮರತೀನಿ ಅಂತ ಶಿವಿ ಅಂತಾಳ, ಖರೇ ಇರಬೇಕು. ಆದ್ರ ಆಕೀನ್ನ ನಾ ಗುರುತ ಹಿಡೀತೀನಿ."